ಎಲ್ಲರಿಗೂ ಸರ್ಕಾರಿ ಆರೋಗ್ಯ ವ್ಯವಸ್ಥೆ ಬಂದ್ರೆ ಕಾರಿನ ಪ್ರೀಮಿಯಂ ಇಳಿಯುತ್ತಾ?

[ಕ್ಯಾಮೆರಾ ಹತ್ತಿರ. ಮೇಜಿನ ಮೇಲೆ ಎರಡು ಕಾಗದ.]

ನಮಸ್ಕಾರ. ಇಲ್ಲಿ ಎರಡು ಪಾಲಿಸಿ ಇವೆ. ಒಂದು ನಮ್ಮನೆ ಸ್ಕೂಟರಿಂದು. ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 714 ರೂಪಾಯಿ. ಇನ್ನೊಂದು ಅಮೆರಿಕದ ಮಿಷಿಗನ್ ರಾಜ್ಯದ್ದು. ಡೆಟ್ರಾಯ್ಟ್ ಹತ್ತಿರ ನೋವೈ ಅಂತ ಊರಿದೆ, ಕನ್ನಡದವರು ಸಾಕಷ್ಟು ಜನ ಇದ್ದಾರೆ. ಅಲ್ಲಿಂದ ಒಬ್ಬ ನೋಡುಗರು ಹೆಸರು, ವಿಳಾಸ ಅಳಿಸಿ ಇದನ್ನ ಕಳಿಸಿದ್ದಾರೆ. ಎರಡನೇ ಪುಟದಲ್ಲಿ ಒಂದು ಸಾಲಿಗೆ ಹಳದಿ ಬಳಿದು ಪಕ್ಕದಲ್ಲಿ ಪೆನ್ನಲ್ಲಿ ಬರೆದಿದ್ದಾರೆ: "ಇಲ್ಲಿ ಎಲ್ಲರ ಆಸ್ಪತ್ರೆ ಖರ್ಚನ್ನೂ ಸರ್ಕಾರ ವಹಿಸ್ಕೊಂಡ್ರೆ ಈ ಸಾಲು ಹೋಗುತ್ತಾ ಸರ್?"

ಆ ಸಾಲಿನ ಹೆಸರು ಪಿಐಪಿ. ಅಪಘಾತ ಆದ್ರೆ, ತಪ್ಪು ಯಾರದೇ ಇರಲಿ, ನಿಮ್ಮ ಚಿಕಿತ್ಸೆಗೆ ನಿಮ್ಮದೇ ಇನ್ಶೂರೆನ್ಸ್ ಕಂಪನಿ ಕೊಡೋ ದುಡ್ಡು. ಅಂದ್ರೆ ಕಾರಿನ ಪಾಲಿಸಿಯೊಳಗೆ ಒಂದು ಪುಟ್ಟ ಆರೋಗ್ಯ ವಿಮೆ ಕೂತಿದೆ. ಹಾಗಾಗಿ ಈ ಪ್ರಶ್ನೆ ಸರಿಯಾದ ಜಾಗಕ್ಕೇ ಕೈ ಇಟ್ಟಿದೆ.

ಬೇಸಿಕ್ಸ್ ಬೇಗ ಮುಗಿಸ್ತೀನಿ. ಕಾರ್ ಇನ್ಶೂರೆನ್ಸ್‌ನಲ್ಲಿ ತಗಡಿನ ಲೆಕ್ಕ ಒಂದು, ಮೈ ಲೆಕ್ಕ ಒಂದು. ಬಂಪರ್, ಬಾಗಿಲು, ಗಾಜು, ಕಳ್ಳತನ ಎಲ್ಲಾ ತಗಡಿನ ಲೆಕ್ಕ. ಆರೋಗ್ಯ ವ್ಯವಸ್ಥೆ ಎಷ್ಟೇ ಒಳ್ಳೇದು ಬಂದ್ರೂ ಇದು ಒಂದು ರೂಪಾಯಿನೂ ಇಳಿಯಲ್ಲ. ಮೈ ಲೆಕ್ಕದಲ್ಲಿ ಆಸ್ಪತ್ರೆ ಬಿಲ್ಲು, ತಪ್ಪಿಹೋದ ಸಂಬಳ, ನೋವಿಗೆ ಕೋರ್ಟು ಕೊಡಿಸೋ ಪರಿಹಾರ ಮೂರೂ ಸೇರಿರುತ್ತೆ. ಸರ್ಕಾರಿ ಆರೋಗ್ಯ ವ್ಯವಸ್ಥೆ ಮುಟ್ಟೋದು ಆ ಮೊದಲನೇದನ್ನ ಮಾತ್ರ.

[ಸ್ಕ್ರೀನ್ ಮೇಲೆ: ಮಿಷಿಗನ್ ನಕ್ಷೆ. 1973]

ಈಗ ಮಿಷಿಗನ್‌ಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ನಮ್ಮ ಪ್ರಶ್ನೆಯ ಪ್ರಯೋಗ ಆಗಲೇ ಅಲ್ಲಿ ನಡೆದುಹೋಗಿದೆ. 1973ರ ಅಕ್ಟೋಬರ್‌ನಲ್ಲಿ ಅಲ್ಲೊಂದು ಕಾನೂನು ಜಾರಿಗೆ ಬಂತು: ರಸ್ತೆ ಅಪಘಾತದಲ್ಲಿ ಗಾಯ ಆದವರ ಚಿಕಿತ್ಸೆಗೆ ಮಿತಿಯೇ ಇಲ್ಲ, ಬದುಕಿರೋವರೆಗೂ ಕಾರ್ ಇನ್ಶೂರೆನ್ಸೇ ಕೊಡಬೇಕು. ಇಪ್ಪತ್ತರ ಹುಡುಗ, ಬೆನ್ನುಹುರಿ ತುಂಡಾಗಿದೆ, ಕುತ್ತಿಗೆ ಕೆಳಗೆ ಏನೂ ಅಲ್ಲಾಡಲ್ಲ ಅಂತ ಇಟ್ಕೊಳ್ಳಿ. ವೆಂಟಿಲೇಟರ್, ವೀಲ್‌ಚೇರ್ ಹತ್ತಿಸೋ ವ್ಯಾನು, ಬಾಗಿಲು ಅಗಲ ಮಾಡಿಸಿದ ಮನೆ, ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋ ನರ್ಸು, ಎಲ್ಲದಕ್ಕೂ ದುಡ್ಡು. ಅಮ್ಮನೇ ಕೆಲಸ ಬಿಟ್ಟು ಆರೈಕೆಗೆ ನಿಂತ್ರೆ ಅಮ್ಮನ ದುಡಿಮೆಗೂ ಗಂಟೆ ಲೆಕ್ಕದಲ್ಲಿ ಸಂಬಳ. ಹೆತ್ತವಳ ಆರೈಕೆಯನ್ನ ಕೆಲಸ ಅಂತ ಒಪ್ಪಿಕೊಂಡ ಇಂಥ ಕಾನೂನು ನನಗೆ ತುಂಬಾ ದೊಡ್ಡದಾಗಿ ಕಾಣುತ್ತೆ.

ಅದರ ಬೆಲೆನೂ ದೊಡ್ಡದೇ ಇತ್ತು. ಇಡೀ ಅಮೆರಿಕದಲ್ಲೇ ಅತಿ ದುಬಾರಿ ಕಾರ್ ಇನ್ಶೂರೆನ್ಸ್ ಅಂದ್ರೆ ಡೆಟ್ರಾಯ್ಟ್ ಅನ್ನೋ ಮಾತು ಬಂತು. ಚಿಕಿತ್ಸೆಗೆ ಮಿತಿ ಇಲ್ಲದಿದ್ದದ್ದು ಒಂದು ಕಾರಣ. ಇನ್ನೊಂದು ಕಾರಣವನ್ನ ಜನ ಗಮನಿಸೋದು ಕಮ್ಮಿ: ರೇಟಿಗೂ ಮಿತಿ ಇರಲಿಲ್ಲ. ವಯಸ್ಸಾದವರಿಗೆ ಸರ್ಕಾರ ನಡೆಸೋ ಮೆಡಿಕೇರ್ ಒಂದು ಸ್ಕ್ಯಾನಿಗೆ ಇಷ್ಟೇ ಕೊಡ್ತೀನಿ ಅಂತ ದರಪಟ್ಟಿ ಹಾಕಿದೆ. ಕಾರ್ ಇನ್ಶೂರೆನ್ಸ್‌ಗೆ ಅಂಥ ಪಟ್ಟಿ ಇರಲಿಲ್ಲ. ಅದೇ ಆಸ್ಪತ್ರೆ, ಅದೇ ಮೆಷಿನ್ನು, ಬಿಲ್ ಮಾತ್ರ ಹಲವು ಪಟ್ಟು. ದುಡ್ಡು ಯಾರು ಕೊಡ್ತಾರೆ ಅನ್ನೋದರಷ್ಟೇ, ಎಷ್ಟಕ್ಕೆ ಚೌಕಾಸಿ ಮಾಡಿ ಕೊಡ್ತಾರೆ ಅನ್ನೋದೂ ಪ್ರೀಮಿಯಂನಲ್ಲಿ ಇರುತ್ತೆ.

2019ರ ಮೇ 30ರಂದು ಗವರ್ನರ್ ಗ್ರೆಚೆನ್ ವಿಟ್ಮರ್ ತಿದ್ದುಪಡಿಗೆ ಸಹಿ ಹಾಕಿದ್ರು. 2020ರ ಜುಲೈನಿಂದ ಆಯ್ಕೆ ಬಂತು: ಮಿತಿಯಿಲ್ಲದ್ದು, 5 ಲಕ್ಷ ಡಾಲರಿಂದು, 2.5 ಲಕ್ಷದ್ದು, ಬಡವರ ಮೆಡಿಕೇಡ್ ಇರೋರಿಗೆ 50 ಸಾವಿರದ್ದು. ಮೆಡಿಕೇರ್ ಇರೋರಾದ್ರೆ ಈ ವೈದ್ಯಕೀಯ ಭಾಗವನ್ನೇ ಪೂರ್ತಿ ಕೈಬಿಡಬಹುದು.

[ಸ್ಕ್ರೀನ್ ಮೇಲೆ: ಪಿಐಪಿಯ ವೈದ್ಯಕೀಯ ಭಾಗದ ಪ್ರೀಮಿಯಂನಲ್ಲಿ ಇಳಿಕೆ: ಮಿತಿಯಿಲ್ಲದ್ದಕ್ಕೆ 10%, ಕೈಬಿಟ್ಟರೆ 100%]

ಈ ಕೊನೇ ಆಯ್ಕೆ ನೋಡಿದಾಗ ನಾನು ಕುರ್ಚಿಯಿಂದ ಎದ್ದು ಕೂತೆ. ಮೆಡಿಕೇರ್ ಇರೋ ಅರವತ್ತೈದು ದಾಟಿದವರ ಪಾಲಿಗೆ ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆ ಈಗಾಗಲೇ ಬಂದಾಗಿದೆ. ಅವರ ಪಾಲಿಸಿಯಲ್ಲಿ ಹಳದಿ ಬಳಿದ ಆ ಸಾಲು ನಿಜವಾಗಲೂ ಅಳಿಸಿ ಹೋಗಬಹುದು. ನಮ್ಮ ನೋಡುಗರ ಪ್ರಶ್ನೆಗೆ ಹೌದು ಅನ್ನೋ ಉತ್ತರ ಕಾಗದದ ಮೇಲೇ ಇದೆ.

ಆದ್ರೆ ಅದೇ ಪಾಲಿಸಿಯಲ್ಲಿ ಒಂದೆರಡು ಸಾಲು ಕೆಳಗೆ ಬನ್ನಿ. ಎದುರಿನವರಿಗೆ ಪೆಟ್ಟಾದ್ರೆ ನೀವು ಕೊಡಬೇಕಾದ ಹೊಣೆಯ ಮಿತಿ. ಮೊದಲು ಕನಿಷ್ಠ ಒಬ್ಬರಿಗೆ 20 ಸಾವಿರ ಡಾಲರ್ ಇತ್ತು. ಈಗ ನೀವೇನೂ ಹೇಳದಿದ್ರೆ 2.5 ಲಕ್ಷ. ಬೇಕಂತ ಬರೆದುಕೊಟ್ರೆ 50 ಸಾವಿರದವರೆಗೆ ಇಳಿಸಬಹುದು. ಕಾರಣ ಸರಳ. ಚಿಕಿತ್ಸೆಗೆ ಮಿತಿ ಹಾಕಿಸ್ಕೊಂಡವರ ಬಿಲ್ಲು ಮಿತಿ ಮೀರಿದ್ರೆ, ಮಿಕ್ಕಿದ್ದಕ್ಕೆ ಅವರು ತಪ್ಪು ಮಾಡಿದ ಡ್ರೈವರ್ ಮೇಲೆ ಕೇಸ್ ಹಾಕಬಹುದು. ಒಂದು ಸಾಲಲ್ಲಿ ಇಳಿದ ದುಡ್ಡು ಇನ್ನೊಂದು ಸಾಲಲ್ಲಿ ಏರ್ತಾ ಇದೆ.

ಇದಕ್ಕಿಂತ ನೋವಿನದ್ದು ಮನೆಯೊಳಗೆ ಆಯ್ತು. ಮನೆಯಲ್ಲಿ ವರ್ಷಗಟ್ಟಲೆ ಮಾಡೋ ಆರೈಕೆಗೆ ಮೆಡಿಕೇರ್ ಕೊಡಲ್ಲ. ಹೊಸ ಕಾನೂನು ಮನೆಯವರ ಆರೈಕೆಗೆ ವಾರಕ್ಕೆ 56 ಗಂಟೆ ಅಂತ ಮಿತಿ ಹಾಕಿತು. ದಿನಕ್ಕೆ 8 ಗಂಟೆ. ಆ ಹುಡುಗನ ಮಗ್ಗುಲು ಬದಲಿಸೋ ಅಮ್ಮನ ಮಿಕ್ಕ 16 ಗಂಟೆಗೆ ಲೆಕ್ಕವೇ ಇಲ್ಲ. 2021ರ ಜುಲೈನಿಂದ, ಮೆಡಿಕೇರ್ ಪಟ್ಟಿಯಲ್ಲಿ ಇಲ್ಲದ ಸೇವೆಗಳಿಗೆ 2019ರ ದರದ 55% ಮಾತ್ರ ಅಂತಾಯ್ತು. ಹೋಮ್ ಕೇರ್ ಏಜೆನ್ಸಿಗಳು ಬಾಗಿಲು ಹಾಕಿದ್ವು. ಜನ ವೀಲ್‌ಚೇರಲ್ಲೇ ಲ್ಯಾನ್ಸಿಂಗ್‌ನ ಶಾಸನಸಭೆ ಮುಂದೆ ಬಂದು ಪ್ರತಿಭಟನೆ ಮಾಡಿದ್ರು. 2019ರ ಜೂನ್ 11ಕ್ಕೆ ಮೊದಲೇ ಗಾಯಗೊಂಡವರಿಗೆ ಈ ಕಡಿತ ಅನ್ವಯಿಸಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳೋ ಹೊತ್ತಿಗೆ 2023ರ ಜುಲೈ ಆಗಿತ್ತು. ಪ್ರೀಮಿಯಂ ಇಳಿಸೋ ಉದ್ದೇಶ ನ್ಯಾಯವಾದದ್ದೇ. ಆದ್ರೆ ಇಳಿಸಿದ ಭಾರವನ್ನ ಹಾಸಿಗೆ ಹಿಡಿದವರ ಮನೆ ಮೇಲೆ ಹೊರಿಸಿದ್ದು ತಪ್ಪು, ಇದನ್ನ ನಾನು ನೇರವಾಗೇ ಹೇಳ್ತೀನಿ.

[ಸ್ಕ್ರೀನ್ ಮೇಲೆ: ಬ್ರಿಟನ್, 1948]

"ಮಿಷಿಗನ್‌ದು ಅರ್ಧಂಬರ್ಧ, ಪೂರ್ತಿ ಸರ್ಕಾರಿ ವ್ಯವಸ್ಥೆ ಇದ್ರೆ ಬೇರೆ ಇರುತ್ತೆ" ಅಂತ ಅನ್ನಿಸಬಹುದು. ಬ್ರಿಟನ್ ನೋಡಿ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡೋ ಎನ್‌ಎಚ್‌ಎಸ್ ಶುರುವಾಗಿದ್ದು 1948ರ ಜುಲೈ 5ಕ್ಕೆ. ಅದೇ ವರ್ಷ ಅಲ್ಲಿನ ಪಾರ್ಲಿಮೆಂಟ್ ಇನ್ನೊಂದು ಕಾನೂನು ಮಾಡಿತು. ಗಾಯಾಳು ಖಾಸಗಿ ಚಿಕಿತ್ಸೆಯ ಖರ್ಚು ಕೇಳಿದಾಗ, "ಎನ್‌ಎಚ್‌ಎಸ್‌ನಲ್ಲಿ ಉಚಿತವಾಗಿ ಆಗ್ತಿತ್ತಲ್ಲ" ಅನ್ನೋ ವಾದವನ್ನ ಕೋರ್ಟು ಪರಿಗಣಿಸಬಾರದು ಅಂತ. ಆ ವಾಕ್ಯ ಇವತ್ತಿಗೂ ಜಾರಿಯಲ್ಲಿದೆ. ಅಷ್ಟೇ ಅಲ್ಲ, ಅಪಘಾತದ ಗಾಯಾಳುವಿಗೆ ಪರಿಹಾರ ಸಿಕ್ರೆ, ಎನ್‌ಎಚ್‌ಎಸ್ ತನ್ನ ಆಸ್ಪತ್ರೆ, ಆಂಬುಲೆನ್ಸ್ ಖರ್ಚನ್ನ ಇನ್ಶೂರೆನ್ಸ್ ಕಂಪನಿಯಿಂದ ನಿಗದಿತ ದರದಲ್ಲಿ ವಸೂಲಿ ಮಾಡುತ್ತೆ. ರೋಗಿಗೆ ಉಚಿತ, ಪ್ರೀಮಿಯಂ ಕಟ್ಟೋರಿಗೆ ಉಚಿತ ಅಲ್ಲ. ಎಲ್ಲಾ ನಿಂತಿರೋದು ಈ ವಸೂಲಿಯ ಹಕ್ಕಿನ ಮೇಲೆ.

ಟೈಮ್ ಆಗ್ತಾ ಬಂತು, ಮಿಕ್ಕಿದ್ದನ್ನ ಒಟ್ಟಿಗೇ ಹೇಳಿಬಿಡ್ತೀನಿ. ಕೆನಡಾದ ಒಂಟಾರಿಯೊದಲ್ಲೂ ಸರ್ಕಾರಿ ಆರೋಗ್ಯ ವಿಮೆ ಇದೆ, ಆದ್ರೂ ಫಿಸಿಯೋಥೆರಪಿ, ಆರೈಕೆಗೆ ಅಂತ ಕಾರಿನ ಪಾಲಿಸಿಯಲ್ಲಿ 65,000 ಡಾಲರ್‌ವರೆಗಿನ ಸೌಲಭ್ಯ ಇರಲೇಬೇಕು. ಅಮೆರಿಕದಲ್ಲಿ 1993ರ ಕ್ಲಿಂಟನ್ ಆರೋಗ್ಯ ಮಸೂದೆ ಕಾರ್ ಇನ್ಶೂರೆನ್ಸಿನ ವೈದ್ಯಕೀಯ ಭಾಗವನ್ನ ಆರೋಗ್ಯ ಯೋಜನೆ ಜೊತೆ ಹೊಂದಿಸೋಕೆ ಹೊರಟಿತ್ತು, ಮಸೂದೆಯೇ ಬಿದ್ದುಹೋಯ್ತು. ನಮ್ಮಲ್ಲಿ 2025ರ ಮೇನಲ್ಲಿ ಬಂದ ಕ್ಯಾಶ್‌ಲೆಸ್ ಯೋಜನೆ ಗೊತ್ತಲ್ಲ, ಅಪಘಾತವಾದ ದಿನದಿಂದ 7 ದಿನ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ವಿಮೆ ಇರೋ ಗಾಡಿ ಆಗಿದ್ರೆ ಅದರ ದುಡ್ಡು ಬರೋದು ಇನ್ಶೂರೆನ್ಸ್ ಕಂಪನಿಗಳು ತುಂಬೋ ನಿಧಿಯಿಂದ. ನನ್ನ ಸ್ಕೂಟರಿನ 714ರಲ್ಲೂ ಅದರ ಒಂದು ಎಳೆ ಇದೆ.

ವಸೂಲಿಯ ಹಕ್ಕನ್ನೇ ಕಿತ್ತುಹಾಕಿದ ದೇಶ ಅಂದ್ರೆ ನ್ಯೂಜಿಲೆಂಡ್. ಓವನ್ ವುಡ್‌ಹೌಸ್ ಅನ್ನೋ ನ್ಯಾಯಾಧೀಶರು 1967ರಲ್ಲಿ ಕೊಟ್ಟ ವರದಿ ಹಿಡಿದು, 1974ರ ಏಪ್ರಿಲ್ 1ರಿಂದ ಎಸಿಸಿ ಅನ್ನೋ ಸರ್ಕಾರಿ ಅಪಘಾತ ಪರಿಹಾರ ಯೋಜನೆ ಶುರು ಮಾಡಿದ್ರು. ಗಾಯ ಆದ್ರೆ ಚಿಕಿತ್ಸೆಯೂ ಸಿಗುತ್ತೆ, ದುಡಿಯೋರಿಗೆ ಸಂಬಳದ 80%ರವರೆಗೂ ಸಿಗುತ್ತೆ. ಬದಲಿಗೆ ಗಾಯಕ್ಕೆ ಪರಿಹಾರ ಕೊಡಿ ಅಂತ ಯಾರ ಮೇಲೂ ಕೇಸ್ ಹಾಕೋ ಹಾಗಿಲ್ಲ. ಹಾಗಾಗಿ ಅಲ್ಲಿ ಕಾರ್ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ! ದುಡ್ಡು ಪೆಟ್ರೋಲ್ ಮೇಲಿನ ಸುಂಕದಿಂದ, ಗಾಡಿಯ ವಾರ್ಷಿಕ ಲೈಸೆನ್ಸ್ ಶುಲ್ಕದಿಂದ, ಸಂಬಳದಿಂದ ಬರುತ್ತೆ. ಪ್ರೀಮಿಯಂ ಅನ್ನೋ ಹೆಸರು ಹೋಗಿದೆ, ಬಂಕಿನಲ್ಲಿ ಕಟ್ತಾ ಇರ್ತಾರೆ.

ನೋವೈನವರಿಗೆ ಈಗ ನೇರವಾಗಿ ಹೇಳ್ತೀನಿ. ಸರ್, ನಿಮ್ಮ ಹಳದಿ ಸಾಲು ಹೋಗಬಹುದು ಅಥವಾ ತುಂಬಾ ಸಣ್ಣದಾಗಬಹುದು, ಆದ್ರೆ ಖರ್ಚನ್ನ ಕಾರ್ ಇನ್ಶೂರೆನ್ಸ್‌ನಿಂದ ವಾಪಸ್ ಕೇಳಲ್ಲ ಅಂತ ಆ ಆರೋಗ್ಯ ಕಾನೂನಿನಲ್ಲೇ ಬರೆದಿರಬೇಕು. ಅದೇನಾದ್ರೂ ಬಂದ ದಿನ ಮೊದಲು ಆ ಸಾಲು ಹುಡುಕಿ.

ಅಲ್ಲಿವರೆಗೆ ಇನ್ನೊಂದು ವಿಷಯ. ನೀವು ಕಳಿಸಿದ ಪತ್ರದ ಕೊನೇಲಿ ಬೇಸಿಗೆಗೆ ಅಪ್ಪ ಅಮ್ಮ ಮೈಸೂರಿಂದ ಬರ್ತಾರೆ ಅಂತಿತ್ತು. 2019ರ ತಿದ್ದುಪಡಿ ಆದ್ಮೇಲೆ ಮಿಷಿಗನ್‌ನ ನಿವಾಸಿ ಅಲ್ಲದವರಿಗೆ, ಅಲ್ಲೇ ನೋಂದಾಯಿಸಿ ವಿಮೆ ಮಾಡಿಸಿದ ಸ್ವಂತ ಗಾಡಿ ಇಲ್ಲದಿದ್ರೆ, ಈ ಪಿಐಪಿ ಸಿಗಲ್ಲ. ನಿಮ್ಮ ಕಾರಿನ ಹಿಂದಿನ ಸೀಟಲ್ಲೇ ಕೂತಿದ್ರೂ ಸಿಗಲ್ಲ. ಅದೇ ಅಪ್ಪ ಅಮ್ಮ ಆಕ್ಲೆಂಡ್‌ಗೆ ಪ್ರವಾಸ ಹೋಗಿ ಅಲ್ಲಿ ಪೆಟ್ಟು ಮಾಡ್ಕೊಂಡ್ರೆ ಎಸಿಸಿ ಚಿಕಿತ್ಸೆ ಖರ್ಚಿಗೆ ನಿಲ್ಲುತ್ತೆ, ಪ್ರವಾಸಿಗಳಿಗೂ ಅದು ಅನ್ವಯ. ಅವರಿಗೆ ಟಿಕೆಟ್ ಬುಕ್ ಮಾಡೋ ಮೊದಲು ನಿಮ್ಮ ಏಜೆಂಟಿಗೆ ಫೋನ್ ಮಾಡಿ ಇದನ್ನೊಂದು ಕೇಳಿ, ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ರಸ್ತೆ ಅಪಘಾತಕ್ಕೆ ಎಷ್ಟಿದೆ ಅಂತ ಓದಿಸ್ಕೊಳ್ಳಿ.