ವೇಗ ಹೇಳಿದಿರಿ, ಸದ್ದು ಎಷ್ಟು ಹೇಳಿ

ನಮಸ್ಕಾರ, ಕಾರವಾರದಿಂದ ಮಾತನಾಡುತ್ತಿದ್ದೇನೆ. ಇವತ್ತಿಗೆ ಬೇರೆಯೇ ವಿಷಯ ಸಿದ್ಧವಾಗಿತ್ತು. ಆದರೆ ಹೊಸ ಡೆಸ್ಕ್‌ಟಾಪ್ ಕುರಿತ ಕಳೆದ ಸಂಚಿಕೆ ನೋಡಿದ ಒಬ್ಬರು ಬರೆದ ಮಾತು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ‘ಯಂತ್ರ ವೇಗವಾಗಿದೆ ಎಂದು ನೀವೇ ಒಪ್ಪಿದ್ದೀರಿ. ಮತ್ತೆ ಫ್ಯಾನಿನ ಸದ್ದಿಗೆ ಗೊಣಗುವುದೇಕೆ? ಶಕ್ತಿ ಇದ್ದಲ್ಲಿ ಸದ್ದು ಇದ್ದದ್ದೇ’ ಎಂದಿದ್ದಾರೆ. ಯಾರು ಹೇಳಿದರು ಸ್ವಾಮಿ ಇದ್ದದ್ದೇ ಎಂದು? ಫ್ಯಾನು ಕಿರುಚುತ್ತಿದೆ ಎಂದರೆ ಒಳಗಿನ ಶಾಖ ಸಲೀಸಾಗಿ ಹೊರಗೆ ಹೋಗುತ್ತಿಲ್ಲ ಎಂದರ್ಥ. ಎಷ್ಟು ಸದ್ದಿಗೆ ಆ ವೇಗ ಸಿಕ್ಕಿತು ಎಂದು ಹೇಳದೆ ಬರೀ ವೇಗ ಹೇಳಿದರೆ ಅದು ಅರ್ಧ ಲೆಕ್ಕ. ನನ್ನ ತಕರಾರು ಇಷ್ಟೇ, ಇದನ್ನೇ ಇವತ್ತು ಮತ್ತೆ ಮತ್ತೆ ಹೇಳುತ್ತೇನೆ.

ನಾನು ಈ ಯಂತ್ರದಲ್ಲಿ ಮಾಡುವ ಕೆಲಸ ನಿಮ್ಮಲ್ಲಿ ಹಲವರಿಗೆ ಗೊತ್ತು. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯ ಮನೆಗಳ ಅಟ್ಟದಲ್ಲಿ ಉಳಿದುಕೊಂಡಿರುವ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಶುದ್ಧ ಮಾಡಿ ಮನೆಯವರಿಗೆ ಕೊಡುತ್ತೇನೆ. ಭಾಗವತರು ಪದ್ಯ ಮುಗಿಸುತ್ತಾರೆ, ಮದ್ದಳೆಯ ಕೊನೆಯ ಪೆಟ್ಟು ಬೀಳುತ್ತದೆ, ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳುವ ಅರ್ಥಧಾರಿ ಬಾಯಿ ತೆರೆಯುವ ಮುಂಚೆ ಒಂದೆರಡು ಸೆಕೆಂಡು ಖಾಲಿ ಇರುತ್ತದೆ. ಆ ಖಾಲಿಯಲ್ಲಿ ಟೇಪಿನದೇ ಆದ ‘ಸ್‌ಸ್’ ಸದ್ದು ಮಾತ್ರ ಇರುತ್ತದೆ. ಅದರ ಮಾದರಿ ಹಿಡಿದು ಇಡೀ ಧ್ವನಿಮುದ್ರಣದಿಂದ ಕಳೆಯಬೇಕು. ಕಡಿಮೆ ಕಳೆದರೆ ಸದ್ದು ಉಳಿಯುತ್ತದೆ. ಹೆಚ್ಚು ಕಳೆದರೆ ಸಕಾರ ಶಕಾರಗಳು ಸವೆದು ಅರ್ಥಧಾರಿಯ ಮಾತು ಟೊಳ್ಳಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಕಿವಿಯೇ ಹೊರತು ಸಾಫ್ಟ್‌ವೇರ್ ಅಲ್ಲ. ಸರಿಯಾಗಿ ಆ ಹೊತ್ತಿಗೆ, ಮೊಣಕೈ ದೂರದಲ್ಲಿರುವ ಪೆಟ್ಟಿಗೆ ‘ಭುಸ್’ ಎಂದು ಮೇಲೇಳುತ್ತದೆ! ಕೇಳುತ್ತಿರುವ ಸದ್ದು ಟೇಪಿನದೋ ಫ್ಯಾನಿನದೋ ಎಂದು ಹೇಗೆ ಹೇಳಲಿ? ಹಳೆಯ ಯಂತ್ರ ನಿಧಾನವಾಗಿತ್ತು, ನಿಮಿಷಕ್ಕೆ 7,200 ಸುತ್ತು ತಿರುಗುವ ಅದರ ಹಾರ್ಡ್ ಡಿಸ್ಕ್ 120 ಹರ್ಟ್ಸ್‌ನಲ್ಲಿ ಗುಂಯ್‌ಗುಡುತ್ತಿತ್ತು. ಆದರೆ ಆ ಗುಂಯ್ ಒಂದೇ ಸಮ ಇರುತ್ತಿತ್ತು, ಕಿವಿ ಅದನ್ನು ಬದಿಗಿಡುತ್ತಿತ್ತು. ಏರಿಳಿಯುವ ಸದ್ದನ್ನು ಯಾವ ಕಿವಿಯೂ ಬದಿಗಿಡುವುದಿಲ್ಲ.

ಇದು ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಂಟೆಲ್‌ನ ಕೋರ್ ಐ7-13700 ಎಂಬ ಪ್ರೊಸೆಸರ್ ಚಿಪ್ ತೆಗೆದುಕೊಳ್ಳಿ, ನನ್ನದೂ ಅದೇ. ಇಂಟೆಲ್ ಪ್ರಕಟಿಸಿರುವ ಅಂಕಿಗಳ ಪ್ರಕಾರ ಅದರ ಮೂಲ ವಿದ್ಯುತ್ 65 ವ್ಯಾಟ್, ಗರಿಷ್ಠ ಟರ್ಬೊ, ಅಂದರೆ ಪೂರ್ತಿ ವೇಗಕ್ಕೆ ಏರಿದಾಗಿನದು, 219 ವ್ಯಾಟ್. ಅಂಗಡಿಯವರು ನಮಗೆ ತೋರಿಸುವುದು 219 ವ್ಯಾಟ್ ಕುಡಿಯುವಾಗಿನ ವೇಗ. ಚಿಪ್ಪಿನ ಶಾಖ ಹೊರಹಾಕುವ ಕೂಲರ್ ಹಾಕುವುದು ಮಾತ್ರ 65 ವ್ಯಾಟಿಗೆ ಸಾಕಾಗುವಂಥದ್ದು. ಆಮೇಲೆ ಮದರ್‌ಬೋರ್ಡಿನ ಸೆಟ್ಟಿಂಗ್‌ನಲ್ಲಿ ವಿದ್ಯುತ್ ಮಿತಿಯನ್ನು ಸಡಿಲ ಬಿಟ್ಟು ಕಳುಹಿಸುತ್ತಾರೆ. ಚಿಪ್ 100 ಡಿಗ್ರಿ ಮುಟ್ಟುತ್ತದೆ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಗಮನಿಸಿ, ಫ್ಯಾನು ಅತಿ ಹೆಚ್ಚು ಕೂಗುವ ಆ ಕ್ಷಣದಲ್ಲೇ ನೀವು ದುಡ್ಡು ಕೊಟ್ಟು ತಂದ ವೇಗ ಕೈಬಿಟ್ಟು ಹೋಗಿರುತ್ತದೆ. ಸದ್ದೂ ನಿಮ್ಮದೇ, ನಷ್ಟವೂ ನಿಮ್ಮದೇ. ಶಕ್ತಿ ಇದ್ದಲ್ಲಿ ಸದ್ದು ಇದ್ದದ್ದೇ ಎಂದವರು ಇದಕ್ಕೆ ಏನು ಹೇಳುತ್ತಾರೆ?

ಇದಕ್ಕೆ ಪರಿಹಾರ ಇಲ್ಲವೇ ಎಂದರೆ ಬೇಕಾದಷ್ಟಿದೆ. ಚಿಪ್ ಕುಡಿಯುವ ವಿದ್ಯುತ್ತು ಅದರ ವೇಗದ ಜೊತೆಗೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ, ಅಂದರೆ ವೋಲ್ಟೇಜ್ ಎರಡು ಪಟ್ಟಾದರೆ ವಿದ್ಯುತ್ತು ನಾಲ್ಕು ಪಟ್ಟು. ಕೊನೆಯ ಚೂರು ವೇಗಕ್ಕೆ ವೋಲ್ಟೇಜನ್ನು ಬಹಳ ಎತ್ತಬೇಕಾಗುತ್ತದೆ. ಆದ್ದರಿಂದ ಆ ಚೂರನ್ನು ಬಿಟ್ಟುಕೊಟ್ಟರೆ ಶಾಖ ಧಾರಾಳವಾಗಿ ಇಳಿಯುತ್ತದೆ. ನಾನು ಮದರ್‌ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ 125 ವ್ಯಾಟಿನ ಮಿತಿ ಹಾಕಿದೆ. ಒಂದು ತಾಸಿನ ಮುದ್ರಣ ಶುದ್ಧವಾಗಲು ಹಿಡಿಯುವ ಸಮಯದಲ್ಲಿ ಒಂದು ಲೋಟ ಚಹಾ ಕುಡಿಯುವಷ್ಟೂ ವ್ಯತ್ಯಾಸ ಬರಲಿಲ್ಲ. ಇನ್ನು ಫ್ಯಾನು. ಅದರ ಸುತ್ತುಗಳನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳಿಸುತ್ತದೆ. ಹಾಗಾಗಿ 92 ಮಿಲಿಮೀಟರಿನ ಫ್ಯಾನನ್ನು ಹುಚ್ಚೆಬ್ಬಿಸಿ ತಿರುಗಿಸುವ ಬದಲು 120 ಅಥವಾ 140 ಮಿಲಿಮೀಟರಿನದನ್ನು ನಿಧಾನವಾಗಿ ತಿರುಗಿಸಬೇಕು. ಚಿಪ್ ಒಂದು ಕ್ಷಣ ಬಿಸಿಯಾದ ಮಾತ್ರಕ್ಕೆ ಫ್ಯಾನು ಎದ್ದು ಕುಣಿಯದಂತೆ, ಕೆಲವು ಸೆಕೆಂಡು ತಡೆದು ಏರುವಂತೆ ಹೊಂದಿಸಬೇಕು. ಇದಕ್ಕೆ ಹತ್ತು ನಿಮಿಷ ಸಾಕು. ಅಂಗಡಿಯಲ್ಲಿ ಆ ಹತ್ತು ನಿಮಿಷ ಯಾರಿಗೂ ಇಲ್ಲ! ಬಣ್ಣದ ದೀಪ ಹೊಂದಿಸಲು ಮಾತ್ರ ಅರ್ಧ ತಾಸು ಇದೆ.

ಎದುರಿಗೆ ಗಾಜು ಜಡಿದ ಆ ಕ್ಯಾಬಿನೆಟ್‌ಗಳನ್ನಂತೂ ಕಂಡರೆ ಮೈ ಉರಿಯುತ್ತದೆ. ಗಾಳಿ ಒಳಗೆ ಬರುವ ದಾರಿಗೆ ಗಾಜು ಹಾಕಿ, ಅದರ ಹಿಂದೆ ದೀಪದ ಫ್ಯಾನು ಸಾಲಾಗಿ ಇಟ್ಟರೆ ಅವು ಯಾವ ಗಾಳಿಯನ್ನು ಎಳೆಯಬೇಕು? ಒಂದೇ ಬಗೆಯ ಎರಡು ಫ್ಯಾನು ಸೇರಿದರೆ 3 ಡೆಸಿಬೆಲ್ ಹೆಚ್ಚಾಗುತ್ತದೆ, ನಾಲ್ಕಾದರೆ 6. ಜಾಲರಿ ಮುಖದ, ನೋಡಲು ಸಾದಾ ಪೆಟ್ಟಿಗೆ ಕೊಡಿ ಎಂದರೆ ‘ಅದು ಆಫೀಸಿನವರು ತೆಗೆದುಕೊಳ್ಳುವುದು ಸರ್’ ಎನ್ನುತ್ತಾರೆ.

ಇಲ್ಲಿನ ಮೀನುಗಾರಿಕೆ ಬಂದರು ಬೈತಖೋಲದ ಕಡೆಯ ಗೆಳೆಯರೊಬ್ಬರು ಹೇಳಿದರು, ‘ಟ್ರಾಲರ್ ಎಂಜಿನ್ನಿನ ಪಕ್ಕ ಬೆಳೆದವರು ನಾವು, ಫ್ಯಾನಿನ ಸದ್ದು ಯಾವ ಲೆಕ್ಕ?’ ಟ್ರಾಲರ್ ಸಮುದ್ರಕ್ಕೆ ಹೋಗುತ್ತದೆ ಮಾರಾಯರೇ, ನಿಮ್ಮ ಮೇಜಿನ ಮೇಲೆ ಕೂರುವುದಿಲ್ಲ. ಬಯಲಿನಲ್ಲಿ ದೂರ ಎರಡು ಪಟ್ಟಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಮೊಣಕೈ ದೂರದ ಸದ್ದಿಗೂ ಬಂದರಿನ ಸದ್ದಿಗೂ ಹೋಲಿಕೆ ಬೇಡ. ಇನ್ನೊಬ್ಬರದು ಮಳೆಯ ವಾದ: ಜುಲೈ ತಿಂಗಳಲ್ಲಿ ತಗಡಿನ ಮೇಲೆ ಮಳೆ ಬೀಳುವಾಗ ಕಂಪ್ಯೂಟರ್ ಸದ್ದು ಯಾರಿಗೆ ಕೇಳುತ್ತದೆ ಎಂದು. ವರ್ಷಕ್ಕೆ ಹನ್ನೆರಡೂ ತಿಂಗಳು ಜುಲೈ ಇರುತ್ತದೆಯೇ? ಏಪ್ರಿಲ್‌ನಲ್ಲಿ ಬನ್ನಿ. ಧ್ವನಿಮುದ್ರಣಕ್ಕೆಂದು ಸೀಲಿಂಗ್ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂರುತ್ತೇವೆ. ಕೋಣೆ 32 ಡಿಗ್ರಿ ದಾಟಿರುತ್ತದೆ. ಕೂಲರಿಗೆ ಸಿಗುವುದು ಅದೇ ಬಿಸಿ ಗಾಳಿ. ಕಡಲ ಕಡೆಯ ಕಿಟಕಿಯ ಬಳಿ ಯಂತ್ರ ಇಟ್ಟವರಿಗೆ ಇನ್ನೂ ಕಷ್ಟ. ಉಪ್ಪಿನ ತೇವಕ್ಕೆ ಧೂಳು ಅಂಟಿಕೊಂಡು ಕೂಲರಿನ ರೆಕ್ಕೆಗಳ ನಡುವೆ ಬೂದು ಪದರ ಕಟ್ಟುತ್ತದೆ, ಊದಿದರೆ ಹೋಗುವುದಿಲ್ಲ, ಒಣ ಬ್ರಷ್‌ನಿಂದ ಕೆರೆದು ತೆಗೆಯಬೇಕು. ಬೆಂಗಳೂರಿನ ತಂಪಿನಲ್ಲಿ ಪರೀಕ್ಷೆ ಮಾಡಿದ ವೇಗವನ್ನು ಕಾರವಾರದಲ್ಲಿ ಮಾರುವವರು ಸದ್ದನ್ನೂ ಇಲ್ಲಿಯೇ ಕೇಳಿಸಿ ಮಾರಲಿ.

ಸದ್ದನ್ನು ಅಳೆಯುವುದು ಹೇಗೆ, ಅದು ಅವರವರ ಕಿವಿಗೆ ಬಿಟ್ಟದ್ದು ಎನ್ನುವವರಿಗೆ ಉತ್ತರ ಇಲ್ಲಿದೆ. ಕಂಪ್ಯೂಟರಿನಂಥ ಯಂತ್ರಗಳ ಸದ್ದು ಅಳೆಯಲೆಂದೇ ಐಎಸ್‌ಒ 7779 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅಳೆದದ್ದನ್ನು ಘೋಷಿಸುವ ಕ್ರಮಕ್ಕೆ ಐಎಸ್‌ಒ 9296 ಇದೆ. ದೊಡ್ಡ ತಯಾರಕರು ಅದರಂತೆ ಅಂಕಿ ಪ್ರಕಟಿಸುತ್ತಾರೆ. ಬಿಡಿಭಾಗ ಜೋಡಿಸಿ ಮಾರುವಲ್ಲಿ ಮಾತ್ರ ಆ ಸಾಲೇ ಇರುವುದಿಲ್ಲ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು 2000ರಲ್ಲೇ ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಬೀದಿಗೇ ಮಿತಿ ಇರುವಾಗ ನನ್ನ ಮೇಜಿನ ಮೇಲಿನ ಪೆಟ್ಟಿಗೆಯ ಸದ್ದು ಎಷ್ಟೆಂದು ಕೇಳುವುದು ಅತಿಯಾಯಿತೇ?

ಮೀನು ಮಾರುಕಟ್ಟೆಯಲ್ಲಿ ಬಂಗಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇವೆ. ಲಕ್ಷ ರೂಪಾಯಿಯ ಯಂತ್ರವನ್ನು ಒಮ್ಮೆ ಓಡಿಸಿ ಕೇಳದೆ ಮನೆಗೆ ತರುತ್ತೇವೆ! ಅಂಗಡಿಯಲ್ಲೇ ಚಿಪ್ಪಿನ ವೇಗ ಅಳೆಯುವ ಸಾಫ್ಟ್‌ವೇರ್ ಸಿನೆಬೆಂಚ್ ಆರ್23ರ ಹತ್ತು ನಿಮಿಷದ ಪರೀಕ್ಷೆ ಓಡಿಸಿ ಎಂದು ಪಟ್ಟು ಹಿಡಿಯಿರಿ. ಮೊದಲ ಅರ್ಧ ನಿಮಿಷದ ಅಂಕಕ್ಕೆ ಮರುಳಾಗಬೇಡಿ, ಹತ್ತನೆಯ ನಿಮಿಷದಲ್ಲಿ ವೇಗ ಎಲ್ಲಿ ನಿಂತಿದೆ ನೋಡಿ, ಎದುರಿಗೆ ಕುಳಿತು ಕಿವಿಗೊಡಿ. ಅಂಗಡಿಯ ಗದ್ದಲದಲ್ಲಿ ಕೇಳುವುದಿಲ್ಲ ಎನ್ನುತ್ತೀರಾ? ಹಾಗಿದ್ದರೆ ಬಾಗಿಲು ಹಾಕಿಸಿ. ದುಡ್ಡು ಕೊಡುವವರು ನೀವು.

ವೇಗ ಹೇಳಿದಿರಿ, ಸದ್ದು ಹೇಳಿ. ಬೇರೆ ಕಾರಣ ಬೇಡ, ಬೇರೆ ವಾದ ಬೇಡ, ಬಿಲ್ಲಿನ ಮೇಲೆ ಒಂದು ಸಾಲು ಬರೆಯಿರಿ!

ಮುಂದಿನ ವಾರದ ಸಂಚಿಕೆಯಲ್ಲಿ ಬಯೋಸ್ ತೆರೆದು ವಿದ್ಯುತ್ ಮಿತಿ, ಫ್ಯಾನಿನ ಹೊಂದಾಣಿಕೆ ಎರಡನ್ನೂ ಒಂದೊಂದಾಗಿ ತೋರಿಸುತ್ತೇನೆ, ಚಾನೆಲ್‌ಗೆ ಚಂದಾದಾರರಾಗಿ. ಅಷ್ಟರೊಳಗೆ ನಿಮ್ಮ ಮೊಬೈಲಿನ ಡೆಸಿಬೆಲ್ ಆ್ಯಪ್‌ನಲ್ಲಿ, ನೀವು ಕೂರುವ ಜಾಗದಿಂದ, ಯಂತ್ರ ಸುಮ್ಮನಿದ್ದಾಗ ಮತ್ತು ದುಡಿಯುವಾಗ ಅಳೆದು ಎರಡೂ ಅಂಕಿ ಕಳುಹಿಸಿ. ಮೊಬೈಲಿನ ಅಂಕಿ ನಿಖರವಲ್ಲ ಎಂದು ಯಾರೂ ಪಾಠ ಮಾಡಬೇಡಿ. ಒಂದೇ ಫೋನು, ಒಂದೇ ಜಾಗ ಆಗಿದ್ದರೆ ಎರಡರ ನಡುವಿನ ಅಂತರ ನನಗೆ ಸಾಕು. ಕ್ಯಾಬಿನೆಟ್ ಯಾವುದು, ಕೂಲರ್ ಯಾವುದು, ಫ್ಯಾನು ಎಷ್ಟು ಎಂದೂ ಬರೆಯಿರಿ.