ಟೂಲ್ ಬದಲಾವಣೆ: ಪೋಸ್ಟ್ ತಿದ್ದುವ ಮೊದಲು ಎಂ6 ಮ್ಯಾಕ್ರೊ ಓದಿ

ಎಲ್ಲರಿಗೂ ನಮಸ್ಕಾರ.

ಬಳ್ಳಾರಿ, ಕೊಪ್ಪಳದ ವರ್ಕ್‌ಶಾಪ್‌ಗಳಿಗೆ ಎಂಥ ಕೆಲಸ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ತೋರಣಗಲ್ಲು, ಗಿಣಿಗೇರಿ ಕಡೆಯ ಕಾರ್ಖಾನೆಗಳಿಗೆ ಬೇರಿಂಗ್ ಹೌಸಿಂಗ್, ಕಪ್ಲಿಂಗ್. ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳಿಗೆ ಬಿಡಿಭಾಗ. ಪೀಸು ಒಂದೋ ಎರಡೋ ಇರುತ್ತದೆ, ಆದರೆ ಪ್ರತಿಯೊಂದಕ್ಕೂ ಫೇಸ್ ಮಿಲ್, ಸೆಂಟರ್ ಡ್ರಿಲ್, ಡ್ರಿಲ್, ಬೋರಿಂಗ್ ಬಾರ್, ಟ್ಯಾಪ್ ಎಂದು ಐದಾರು ಟೂಲ್ ಬೇಕು. ಕ್ಯಾಮ್ ಸಾಫ್ಟ್‌ವೇರ್‌ನ ಟೂಲ್‌ಪಾತ್ (ಟೂಲ್ ಸಾಗುವ ದಾರಿ) ಅನ್ನು ನಿಮ್ಮ ಮಷಿನ್ನಿನ ಜಿ-ಕೋಡ್ ಆಗಿ ಮಾಡಿಕೊಡುವುದು ಪೋಸ್ಟ್ ಪ್ರೊಸೆಸರ್. ಅದರಲ್ಲಿ ಟೂಲ್ ಬದಲಿಸುವ ಹತ್ತು ಸಾಲುಗಳ ಬಗ್ಗೆ ಮಾತ್ರ ಇವತ್ತು ಮಾತಾಡೋಣ.

ಟೂಲ್ ಬದಲಿಸು ಎನ್ನುವ ಆದೇಶ ಎಂ6. ಅದು ಒಂದೇ ಕೆಲಸವಲ್ಲ. ಕೂಲೆಂಟ್ ನಿಲ್ಲಬೇಕು, ಸ್ಪಿಂಡಲ್ ನಿಲ್ಲಬೇಕು, ಝಡ್ ಮೇಲೆ ಹೋಗಬೇಕು, ಸ್ಪಿಂಡಲ್ ಓರಿಯೆಂಟ್ ಆಗಬೇಕು (ನಿಗದಿತ ಕೋನಕ್ಕೆ ನಿಲ್ಲಬೇಕು), ಆಮೇಲೆ ಟೂಲ್ ಅದಲುಬದಲು ಮಾಡುವ ಆರ್ಮ್ ತಿರುಗಬೇಕು. ಇದರಲ್ಲಿ ಯಾವುದನ್ನು ಮಷಿನ್ ತಾನೇ ಮಾಡುತ್ತದೆ, ಯಾವುದನ್ನು ಪೋಸ್ಟ್ ಬರೆದುಕೊಡಬೇಕು? ಹಾಸ್ ಮಷಿನ್ನಿನಲ್ಲಿ ಎಂ6 ಒಂದೇ ಸಾಕು, ಎಲ್ಲವೂ ಒಳಗೇ ನಡೆಯುತ್ತದೆ. ಫ್ಯಾನಕ್ ಕಂಟ್ರೋಲ್ (ಮಷಿನ್ ಓಡಿಸುವ ಕಂಪ್ಯೂಟರ್) ಇರುವ ಎಷ್ಟೋ ಮಷಿನ್‌ಗಳಲ್ಲಿ ತಯಾರಕರು ಇದಕ್ಕೊಂದು ಮ್ಯಾಕ್ರೊ, ಅಂದರೆ ಕಂಟ್ರೋಲ್ ಒಳಗೇ ಇರುವ ಚಿಕ್ಕ ಪ್ರೋಗ್ರಾಂ, ಬರೆದಿರುತ್ತಾರೆ. ಪ್ಯಾರಾಮೀಟರ್ 6071ರಲ್ಲಿ 6 ಎಂದಿದ್ದರೆ ಎಂ6 ಬಂದಾಗ ಒ9001 ಎಂಬ ಪ್ರೋಗ್ರಾಂ ಓಡುತ್ತದೆ. 6080ರಲ್ಲಿ ಇದ್ದರೆ ಒ9020. ಪ್ರೋಗ್ರಾಂ ಪಟ್ಟಿಯಲ್ಲಿ ಅದು ಕಾಣದಿದ್ದರೆ 3202ನೇ ಪ್ಯಾರಾಮೀಟರ್‌ನ 4ನೇ ಬಿಟ್ ನೋಡಿ, 9000 ಸರಣಿಗೆ ಬೀಗ ಹಾಕುವುದು ಅದೇ. ತೆಗೆದು ಓದಿ, ಓದಿದ ಮೇಲೆ ಮತ್ತೆ 1 ಮಾಡಿಡಿ. ಪೀಣ್ಯದಿಂದ ಸೆಕೆಂಡ್ ಹ್ಯಾಂಡ್ ತಂದ ಮಷಿನ್ ಆದರೆ ಓದದೇ ಮುಂದೆ ಹೋಗಲೇಬೇಡಿ. ಹಿಂದಿನ ಮಾಲೀಕರು ಮ್ಯಾಕ್ರೊದಲ್ಲಿ ಕೈಯಾಡಿಸಿರಬಹುದು. ಕಂಟ್ರೋಲ್ ಒಂದೇ ಆದ ಮಾತ್ರಕ್ಕೆ ಪಕ್ಕದ ಶಾಪಿನ ಪೋಸ್ಟ್ ನಿಮ್ಮದಕ್ಕೆ ಹೊಂದುತ್ತದೆ ಎಂದೇನಿಲ್ಲ.

ಮ್ಯಾಕ್ರೊ ಮಾಡುವುದೆಲ್ಲ ಒಂದು ಕಡೆ, ಮಾಡದೇ ಬಿಟ್ಟದ್ದು ಇನ್ನೊಂದು ಕಡೆ ಎಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಿಟ್ಟದ್ದೇ ಪೋಸ್ಟಿನ ಕೆಲಸ. ಎಂ5 (ಸ್ಪಿಂಡಲ್ ನಿಲ್ಲಿಸುವುದು), ಎಂ9 (ಕೂಲೆಂಟ್ ನಿಲ್ಲಿಸುವುದು) ಎರಡೂ ಕಡೆ ಬಂದರೆ ನಷ್ಟವೇನೂ ಇಲ್ಲ, ಎರಡೂ ಕಡೆ ಬಿಟ್ಟುಹೋದರೆ ಕಷ್ಟ. ಅನುಮಾನ ಇದ್ದರೆ ಪೋಸ್ಟಿನಲ್ಲೂ ಹಾಕಿ. ಆರ್ಮ್ ಇರುವ ಫ್ಯಾನಕ್ ಮಷಿನ್ನಿಗೆ ನಾನು ಹೇಳುವ ಕ್ರಮ ಇದು:

ಎಂ9
ಎಂ5
ಜಿ91 ಜಿ28 ಝಡ್0.
ಎಂ1
ಎನ್200 ಜಿ91 ಜಿ28 ಝಡ್0.
ಟಿ2 ಎಂ6
ಜಿ90 ಜಿ17 ಜಿ40 ಜಿ80 ಜಿ54
ಎಸ್1200 ಎಂ3
ಜಿ0 ಎಕ್ಸ್40. ವೈ25.
ಜಿ43 ಎಚ್2 ಝಡ್50. ಎಂ8
ಟಿ3

ಮೂರನೇ ಸಾಲಿನ ಜಿ91 (ಇದ್ದ ಜಾಗದಿಂದ ಅಳೆ ಎನ್ನುವ ಕೋಡ್) ಬಿಟ್ಟು ಬರೀ ಜಿ28 ಝಡ್0 ಎಂದು ಬರೆಯುವವರಿದ್ದಾರೆ. ಜಿ28 ನೇರವಾಗಿ ಹೋಮ್‌ಗೆ ಹೋಗುವುದಿಲ್ಲ, ನೀವು ಕೊಟ್ಟ ಬಿಂದುವನ್ನು ಮುಟ್ಟಿಯೇ ಹೋಗುತ್ತದೆ. ಜಿ90 (ಜಾಬ್‌ನ ಸೊನ್ನೆಯಿಂದ ಅಳೆ ಎನ್ನುವ ಕೋಡ್) ಚಾಲ್ತಿಯಲ್ಲಿದ್ದರೆ ಝಡ್0 ಎಂದರೆ ನಿಮ್ಮ ಜಾಬ್‌ನ ಮೇಲ್ಮೈ. ಮೇಲೆ ಹೋಗಬೇಕಾದ ಟೂಲ್ ರ‍್ಯಾಪಿಡ್‌ನಲ್ಲಿ ಕೆಳಗಿಳಿದು, ಮುಟ್ಟಿ, ಆಮೇಲೆ ಏರುತ್ತದೆ. ದಾರಿಯಲ್ಲಿ ಕ್ಲ್ಯಾಂಪ್ ಇದ್ದರೆ ಟೂಲ್ ಹೋಯಿತು. ಇನ್ನು ಜಿ91 ಹಾಕಿ, ಆಮೇಲೆ ಜಿ90 ಮರೆತರೆ ಮುಂದಿನ ಎಕ್ಸ್40 ಎಂಬುದು ಇದ್ದ ಜಾಗದಿಂದ 40 ಮಿ.ಮೀ. ಆಗಿಬಿಡುತ್ತದೆ.

ಚುಕ್ಕೆಗಳನ್ನೂ ಗಮನಿಸಿ. ಕ್ಯಾಲ್ಕ್ಯುಲೇಟರ್ ಮಾದರಿಗೆ (ಚುಕ್ಕೆ ಇಲ್ಲದಿದ್ದರೂ ಮಿ.ಮೀ. ಎಂದೇ ಓದುವುದು) ಬದಲಿಸದ ಫ್ಯಾನಕ್‌ನಲ್ಲಿ ಝಡ್50 ಎಂದರೆ ಸಾಮಾನ್ಯವಾಗಿ 0.05 ಮಿ.ಮೀ. ಐವತ್ತು ಮಿ.ಮೀ. ಮೇಲೆ ನಿಲ್ಲಬೇಕಾದ ಟೂಲ್ ಹೆಚ್ಚುಕಡಿಮೆ ಜಾಬ್ ಮೇಲೇ ಬಂದು ನಿಂತಂತೆ. ಪೋಸ್ಟಿನ ನಂಬರ್ ಫಾರ್ಮ್ಯಾಟ್‌ನಲ್ಲಿ ದಶಮಾಂಶ ಚುಕ್ಕೆಯನ್ನು ಕಡ್ಡಾಯ ಮಾಡಿ.

ಜಿ28 ಸಾಲು ಎನ್200ರಲ್ಲಿ ಮತ್ತೆ ಯಾಕೆ? ನಮ್ಮ ಕಡೆಯ ಕರೆಂಟ್ ನಿಮಗೆ ಗೊತ್ತೇ ಇದೆ. ಅರ್ಧಕ್ಕೆ ನಿಂತ ಪ್ರೋಗ್ರಾಂ ಅನ್ನು ಎರಡನೇ ಟೂಲಿನಿಂದ ಶುರು ಮಾಡುವಾಗ ಆಪರೇಟರ್ ಹುಡುಕುವುದು ಎನ್ ನಂಬರನ್ನು. ಅಲ್ಲಿಂದ ಓಡಿಸಿದರೆ ಏನೂ ಬಿಟ್ಟುಹೋಗಬಾರದು. ಎನ್ ನಂಬರನ್ನು ಟೂಲ್ ಬದಲಾಗುವಲ್ಲಿ ಮಾತ್ರ ಬರುವಂತೆ ಮಾಡಿ. ಫ್ಯೂಷನ್ ಎಂಬ ಕ್ಯಾಮ್ ಸಾಫ್ಟ್‌ವೇರ್‌ನ ಪೋಸ್ಟ್‌ಗಳಲ್ಲಿ ಅದಕ್ಕೆ ಆಯ್ಕೆಯೇ ಇದೆ. ಒಂದು ಎಚ್ಚರ: ಟಿ2 ಆಗಲೇ ಸ್ಪಿಂಡಲ್‌ನಲ್ಲಿದ್ದಾಗ ಟಿ2 ಎಂ6 ಬಂದರೆ ಕೆಲವು ಮ್ಯಾಕ್ರೊಗಳು ಸುಮ್ಮನೆ ದಾಟುತ್ತವೆ, ಕೆಲವು ಅಲಾರಂ ಕೊಡುತ್ತವೆ. ಮ್ಯಾಕ್ರೊ ಓದಿದವರಿಗೆ ಇದು ಮೊದಲೇ ಗೊತ್ತಿರುತ್ತದೆ.

ಕೊನೆಯ ಟಿ3 ಮುಂದಿನ ಟೂಲನ್ನು ತಯಾರಾಗಿಡಲು. ಎರಡನೇ ಟೂಲ್ ಕೊರೆಯುತ್ತಿರುವಾಗಲೇ ಮ್ಯಾಗಜಿನ್ ತಿರುಗಿ ನಿಂತಿರುತ್ತದೆ, ಸಮಯ ಉಳಿಯುತ್ತದೆ. ಇದು ಆರ್ಮ್ ಇರುವ ಮಷಿನ್‌ಗೆ ಮಾತ್ರ. ಆರ್ಮ್ ಇಲ್ಲದ ಅಂಬ್ರೆಲಾ ಮಾದರಿಯಲ್ಲಿ ಸ್ಪಿಂಡಲ್‌ನ ಟೂಲ್ ಮೊದಲು ತನ್ನ ಖಾಲಿ ಪಾಕೆಟ್‌ಗೆ ವಾಪಸ್ಸಾಗಬೇಕು. ಮುಂಚೆಯೇ ತಿರುಗಿಸಿ ಉಪಯೋಗವಿಲ್ಲ, ಆ ಆಯ್ಕೆ ಆಫ್ ಮಾಡಿ.

ಈಗ ಪೋಸ್ಟ್ ಫೈಲ್ ಒಳಗೆ ಹೋಗೋಣ. ಫ್ಯೂಷನ್‌ನದು ಸಿಪಿಎಸ್ ಫೈಲ್, ಜಾವಾಸ್ಕ್ರಿಪ್ಟ್‌ನಲ್ಲಿರುತ್ತದೆ. ಆನ್‌ಸೆಕ್ಷನ್ ಎಂಬ ಫಂಕ್ಷನ್‌ನಲ್ಲಿ ಇನ್ಸರ್ಟ್‌ಟೂಲ್‌ಕಾಲ್ ಎಂಬುದನ್ನು ಹುಡುಕಿ, ತಿದ್ದುವ ಜಾಗ ಅಲ್ಲೇ ಸಿಗುತ್ತದೆ. ಪೋಸ್ಟ್‌ಗೆ ಒಂದು ಜ್ಞಾಪಕ ಇದೆ: ಜಿ1 ಒಮ್ಮೆ ಬರೆದರೆ ಅದೇ ಚಾಲ್ತಿಯಲ್ಲಿದೆ ಎಂದು ಮುಂದೆ ಬರೆಯುವುದಿಲ್ಲ. ಆದರೆ ಎಂ6 ಮ್ಯಾಕ್ರೊ ಒಳಗೆ ಜಿ0, ಜಿ91 ಓಡಿರಬಹುದು, ಅದು ಪೋಸ್ಟ್‌ಗೆ ತಿಳಿಯದು. ಪೋಸ್ಟ್ ಒಂದು ತಿಳಿದುಕೊಂಡಿರುತ್ತದೆ, ಮಷಿನ್ ಇನ್ನೊಂದರಲ್ಲಿರುತ್ತದೆ. ಅದಕ್ಕೇ ಎಂ6 ಸಾಲಿನ ನಂತರ ಜಿಮೋಷನ್‌ಮೋಡಲ್, ಜಿಆಬ್ಸ್‌ಇಂಕ್‌ಮೋಡಲ್ ಎರಡನ್ನೂ ರೀಸೆಟ್ ಮಾಡಿ, ಫೋರ್ಸ್‌ಎಕ್ಸ್‌ವೈಝಡ್ ಕರೆಯಿರಿ.

ಮಾಸ್ಟರ್‌ಕ್ಯಾಮ್ ಎಂಬ ಇನ್ನೊಂದು ಕ್ಯಾಮ್ ಸಾಫ್ಟ್‌ವೇರ್ ಬಳಸುವವರು ಕೇಳುವ ಪ್ರಶ್ನೆ ಒಂದೇ: "ಸರ, ಎಲ್ಲಾ ಸರಿ ಮಾಡೀವಿ, ಮೊದಲ್ನೇ ಟೂಲ್ ಮಾತ್ರ ಹಳೇ ಥರಾನೇ ಬರ್ತೈತ್ರಿ." ಮೊದಲ ಟೂಲ್ ಬರುವುದು ಪಿಎಸ್‌ಒಎಫ್ ಭಾಗದಿಂದ, ಉಳಿದವು ಪಿಟಿಎಲ್‌ಸಿಎಚ್‌ಜಿ ಭಾಗದಿಂದ. ಎರಡನ್ನೂ ತಿದ್ದಬೇಕು. ಅದೇ ಟೂಲ್‌ನಲ್ಲಿ ಎರಡನೇ ಆಪರೇಷನ್ ಬಂದರೆ ಕೊನೆಯಲ್ಲಿ ಸೊನ್ನೆ ಸೇರಿದ ಮೂರನೇ ಭಾಗ ಓಡುತ್ತದೆ. ಅಲ್ಲಿ ಎಂ6 ಇರುವುದಿಲ್ಲ.

ಸೀಮೆನ್ಸ್ ಕಂಟ್ರೋಲ್‌ನಲ್ಲಿ ಟೂಲ್ ಉದ್ದವನ್ನು ಲೆಕ್ಕಕ್ಕೆ ತರುವ ಜಿ43 ಇಲ್ಲ, ಎಂ6 ಆದಮೇಲೆ ಡಿ1 ಬರಬೇಕು. ಹೈಡನ್‌ಹೈನ್‌ನಲ್ಲಿ ಟೂಲ್ ಕಾಲ್, ಮುಂದಿನದಕ್ಕೆ ಟೂಲ್ ಡೆಫ್. ಬಾಗಿಲು ಕೆತ್ತನೆಯ ರೂಟರ್‌ಗಳಲ್ಲಿ ಜಿಆರ್‌ಬಿಎಲ್ 1.1 ಎಂಬ ಕಂಟ್ರೋಲ್ ಸಾಫ್ಟ್‌ವೇರ್ ಇದ್ದರೆ ಎಂ6 ಬಂದ ಕೂಡಲೇ ಎರರ್ 20 ಬರುತ್ತದೆ. ಅದರ ಬದಲು ಪ್ರೋಗ್ರಾಂ ನಿಲ್ಲಿಸುವ ಎಂ0 ಹಾಕಿದರೂ ನಿಂತಾಗ ಜಾಗ್ ಮಾಡಿ (ಕೈಯಾರೆ ಸರಿಸಿ) ಝಡ್ ಹಿಡಿಯಲು ಅದು ಬಿಡುವುದಿಲ್ಲ. ಟೂಲಿಗೊಂದು ಫೈಲ್ ಮಾಡುವುದೇ ಸಲೀಸು.

ತಿದ್ದಿದ ಪೋಸ್ಟನ್ನು ಗಿರಾಕಿಯ ಜಾಬ್ ಮೇಲೆ ಪರೀಕ್ಷಿಸಬೇಡಿ. ಟಿ1, ಮತ್ತೆ ಟಿ1, ಟಿ2, ಪುನಃ ಟಿ1 ಎಂಬ ನಾಲ್ಕು ಆಪರೇಷನ್‌ಗಳ ಚಿಕ್ಕ ಪ್ರೋಗ್ರಾಂ ಮಾಡಿ, ಪ್ರತಿಯೊಂದಕ್ಕೂ ಬೇರೆ ಆರ್‌ಪಿಎಂ ಕೊಡಿ. ಹಳೇ ಪೋಸ್ಟ್, ಹೊಸ ಪೋಸ್ಟ್ ಎರಡರಲ್ಲೂ ತೆಗೆದು ಫೈಲ್ ಹೋಲಿಸುವ ವಿನ್‌ಮರ್ಜ್‌ ಸಾಫ್ಟ್‌ವೇರ್‌ನಲ್ಲಿ ಹೋಲಿಸಿ. ಟೂಲ್ ಬದಲಾಗುವ ಸಾಲುಗಳ ಹೊರಗೆ ಏನಾದರೂ ಬದಲಾಗಿದ್ದರೆ ಮಷಿನ್ ಹತ್ತಿರ ಒಯ್ಯಬೇಡಿ. ಆಮೇಲೆ ಟೇಬಲ್ ಖಾಲಿ ಮಾಡಿ, ಎಕ್ಸ್‌ಟರ್ನಲ್ ಆಫ್‌ಸೆಟ್‌ನಲ್ಲಿ ಝಡ್ 100. ಹಾಕಿ (ಎಲ್ಲವೂ 100 ಮಿ.ಮೀ. ಮೇಲೆ ನಡೆಯಲಿ), ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು), ರ‍್ಯಾಪಿಡ್ ಅತಿ ಕಡಿಮೆ. ಪ್ರತಿ ಸಾಲಿಗೂ ಡಿಸ್ಟೆನ್ಸ್ ಟು ಗೋ (ಇನ್ನೂ ಸಾಗಬೇಕಾದ ದೂರ) ನೋಡುತ್ತಾ ಹೋಗಿ. ಜಿ28 ಸಾಲಿನಲ್ಲಿ ಝಡ್ ಒಂದು ಕೂದಲೆಳೆ ಕೆಳಗಿಳಿದರೂ ಅಲ್ಲೇ ರೀಸೆಟ್ ಒತ್ತಿ.