ನಿಲ್ಲಿಸಿಟ್ಟ ಗಾಡಿ ಉಳಿಯೋದಿಲ್ಲ

ನಮಸ್ಕಾರ್ರಿ. ಬೆಳಗಾವಿಯಿಂದ ಮಾತಾಡ್ತಾ ಇದ್ದೇನೆ. ಹೊರಗೆ ಮಳೆ ಹಿಡಿದಿದೆ. ಹಿಂದೆ ಪಟಪಟ ಸದ್ದು ಕೇಳಿಸಿದರೆ ಅದು ನಮ್ಮ ಮನೆ ಪತ್ರಾಸಿನದು.

ನಮ್ಮ ಮನೆಯಲ್ಲಿ 2008ರ ಮಾರುತಿ 800 ಇದೆ. ಅಪ್ಪ ನೌಕರಿಯಲ್ಲಿದ್ದಾಗ ತಗೊಂಡಿದ್ದು. ಆ ಕಾರಿನಲ್ಲಿ ನಮ್ಮ ಅಕ್ಕನ ಮದುವೆಗೆ ಓಡಾಡಿದ್ದೇವೆ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದೇವೆ. ಈಗ ಅಪ್ಪ ಓಡಿಸುವುದಿಲ್ಲ, ಕಣ್ಣು ಮಂಜು. ನಾನು ದಿನಾ ಬೈಕಿನಲ್ಲಿ ಹೋಗುತ್ತೇನೆ. ಹಾಗಾಗಿ ಕಾರು ಮನೆ ಮುಂದಿನ ಬೇವಿನ ಗಿಡದ ಕೆಳಗೆ ನಿಂತೇ ಇರುತ್ತಿತ್ತು. ತಿಂಗಳಿಗೊಮ್ಮೆ ಹೊರಗೆ ಬಂದರೆ ಜಾಸ್ತಿ. "ಓಡಿಸದಿದ್ದರೆ ಸವೆಯೋದಿಲ್ಲ, ಇನ್ನೂ ಹತ್ತು ವರ್ಷ ಬರುತ್ತದೆ" ಅಂತ ನಾವೆಲ್ಲ ನಂಬಿದ್ದೆವು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಹೀಗೆ ಹೇಳಿರುತ್ತಾರೆ ಅಲ್ವಾ?

ಈ ನಂಬಿಕೆ ತಪ್ಪು. ಅದು ನನಗೆ ಗೊತ್ತಾಗಿದ್ದು ಒಂದು ಜುಲೈ ತಿಂಗಳಲ್ಲಿ, ಖಾನಾಪುರದಿಂದ ವಾಪಸ್ ಬರುವಾಗ.

ಖಾನಾಪುರದ ಕಡೆ ಮಳೆ ಹೇಗಿರುತ್ತದೆ ಅಂತ ಆ ಭಾಗದವರಿಗೆ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಅಪ್ಪ, ಹಿಂದೆ ಅವ್ವ. ಮೊದಲು ಡ್ರೈವರ್ ಕಡೆಯ ವೈಪರ್ ಕಟ್ ಕಟ್ ಅಂತ ಸದ್ದು ಮಾಡಿತು. ಆಮೇಲೆ ಅದು ಪೂರ್ತಿ ಮೇಲೆ ಬರುವುದನ್ನು ಬಿಟ್ಟು, ಅರ್ಧಕ್ಕೇ ತಿರುಗತೊಡಗಿತು. ಪೀರನವಾಡಿ ಹತ್ತಿರ ಬರುವಷ್ಟರಲ್ಲಿ ಗಾಜಿನ ನಡುವೆ ನಿಂತೇಬಿಟ್ಟಿತು. ಎದುರಿಗೆ ಲಾರಿಯ ಎರಡು ದೀಪ ಬಿಟ್ಟರೆ ಏನೂ ಕಾಣುತ್ತಿಲ್ಲ. ಅಪ್ಪ ದನಿ ಏರಿಸದೆ, "ತಮ್ಮಾ, ಬಾಜೂಕ ಹಾಕು, ಗಡಬಡಿ ಮಾಡಬ್ಯಾಡ" ಅಂದರು. ಇಂಡಿಕೇಟರ್ ಹಾಕಿ, ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಜು ಒರೆಸುತ್ತಾ, ಒಂದು ಚಹಾ ಅಂಗಡಿ ಮುಂದೆ ಹೇಗೋ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಮೇರಿ ಆಂಡರ್ಸನ್ ಅನ್ನುವ ಅಮೆರಿಕದ ಹೆಣ್ಣುಮಗಳು ವೈಪರಿಗೆ ಪೇಟೆಂಟ್ ಪಡೆದದ್ದು 1903ರಲ್ಲಿ. ಒಳಗೆ ಕೂತು ಕೈಯಿಂದ ಹಿಡಿಕೆ ತಿರುಗಿಸಿದರೆ ಹೊರಗೆ ರಬ್ಬರ್ ಪಟ್ಟಿ ಗಾಜು ಒರೆಸುವಂಥದ್ದು. ಅದಕ್ಕೂ ಮುಂಚೆ ಗಾಡಿ ಓಡಿಸುವವರು ಗಾಜು ತೆಗೆದೋ, ಕೈ ಹೊರಗೆ ಹಾಕಿಯೋ ದಾರಿ ನೋಡಬೇಕಿತ್ತು. ಪೀರನವಾಡಿಯಲ್ಲಿ ನಾನು ಮಾಡಿದ್ದೂ ಅದನ್ನೇ. ನಮ್ಮ ಕಾನೂನಿನಲ್ಲೂ ವೈಪರಿಗೆ ಜಾಗ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೆಯದು ವೈಪರಿನದು. ಮುಂದೆ ಗಾಜಿರುವ ಕಾರಿಗೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು. ಬ್ರೇಕ್ ಬಗ್ಗೆ ಎಲ್ಲರಿಗೂ ಭಯ ಇದೆ. ಕಣ್ಣೇ ಕಾಣದಿದ್ದರೆ ಬ್ರೇಕ್ ಎಲ್ಲಿ ಒತ್ತೋದು ಹೇಳಿ?

ಮರುದಿನ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಸ್ವಿಚ್ ಹಾಕಿ ನೋಡಿದ, ವೈಪರ್ ಅಲುಗಲಿಲ್ಲ. "ಮೋಟರ್ ಹೋಗೇತ್ರಿ, ಸೆಟ್ ಹಾಕಬೇಕ್ರಿ" ಅಂದ. ಮೂರು ಸಾವಿರದ ಮೇಲೆ ಲೆಕ್ಕ ಹೇಳಿದ. ಬಾನೆಟ್ ಕೂಡ ಎತ್ತಿರಲಿಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಯಾಕೆ ಕೆಟ್ಟಿದೆ ಅಂತ ನೋಡದೇ ಬದಲಿಸಿಬಿಡುವ ಅಭ್ಯಾಸ ಇದೆಯಲ್ಲ, ಅದಕ್ಕೆ. ಕಾರಣ ಉಳಿದರೆ ಹೊಸ ಮೋಟರೂ ಕೆಡುತ್ತದೆ.

ಕಾರು ವಾಪಸ್ ತಂದು ಶಹಾಪುರದ ಒಬ್ಬ ಹಳೇ ಮಿಸ್ತ್ರಿ ಹತ್ತಿರ ಹೋದೆ. ಅವರು ಮೊದಲು ಕೇಳಿದ ಪ್ರಶ್ನೆ ಒಂದೇ: "ಸ್ವಿಚ್ ಹಾಕಿದಾಗ ಸಪ್ಪಳಾ ಬರತೈತೇನ್ರಿ?"

ಈ ಪ್ರಶ್ನೆಯನ್ನು ನೀವೂ ನೆನಪಿಟ್ಟುಕೊಳ್ಳಿ. ಮಳೆ ಇಲ್ಲದ ಹೊತ್ತಿನಲ್ಲಿ, ಎಂಜಿನ್ ಬಂದ್ ಇಟ್ಟು, ಕೀ ಮಾತ್ರ ಆನ್ ಮಾಡಿ, ಗಾಜಿಗೆ ಸ್ವಲ್ಪ ನೀರು ಹಾಕಿ ವೈಪರ್ ಸ್ವಿಚ್ ಹಾಕಿ. ಬಾನೆಟ್ ಹತ್ತಿರ ಕಿವಿ ಕೊಡಿ. ಗುಂಯ್ ಅಂತ ಸದ್ದು ಬರುತ್ತಿದೆ, ವೈಪರ್ ಮಾತ್ರ ಅಲುಗುತ್ತಿಲ್ಲ ಅಂದರೆ ಮೋಟರ್ ತಿರುಗುತ್ತಿದೆ. ತೊಂದರೆ ಇರುವುದು ಮೋಟರಿನಿಂದ ವೈಪರಿಗೆ ಹೋಗುವ ಕಡ್ಡಿಗಳಲ್ಲಿ, ಇಲ್ಲವೇ ವೈಪರ್ ಕೈಯ ಬುಡದ ನಟ್ಟಿನಲ್ಲಿ. ಸದ್ದೇ ಇಲ್ಲ ಅಂದರೆ ಮೊದಲು ಫ್ಯೂಸ್ ನೋಡಿ. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದು ಹಾಕಬೇಕು, ದೊಡ್ಡದು ಹಾಕಿದರೆ ವೈರ್ ಸುಡುತ್ತದೆ. ಆಮೇಲೆ ಸ್ವಿಚ್, ವೈರು, ಅರ್ಥಿಂಗ್. ಇವೆಲ್ಲ ಸರಿ ಇದ್ದ ಮೇಲೆ ಮೋಟರ್ ಮೇಲೆ ಅನುಮಾನ.

ಇನ್ನೊಂದು ಥರದ ತೊಂದರೆ ಇದೆ. ವೈಪರ್ ಚೆನ್ನಾಗಿ ಓಡುತ್ತದೆ, ಬಂದ್ ಮಾಡಿದಾಗ ಮಾತ್ರ ಕೆಳಗೆ ಬಂದು ಮಲಗದೆ ಸಿಕ್ಕಲ್ಲಿ ನಿಲ್ಲುತ್ತದೆ. ನಾವು ಸ್ವಿಚ್ ಬಂದ್ ಮಾಡಿದರೂ ಮೋಟರಿನೊಳಗಿನ ಒಂದು ಪುಟ್ಟ ಕಾಂಟ್ಯಾಕ್ಟ್, ವೈಪರ್ ತನ್ನ ಜಾಗಕ್ಕೆ ಬರುವವರೆಗೆ ಕರೆಂಟ್ ಕೊಡುತ್ತಿರುತ್ತದೆ. ಆ ಕಾಂಟ್ಯಾಕ್ಟ್ ಸವೆದರೆ, ಕೊಳೆ ಹಿಡಿದರೆ ಹೀಗಾಗುತ್ತದೆ. ಎಷ್ಟೋ ಸಲ ಬರೀ ಸ್ವಚ್ಛ ಮಾಡಿದರೆ ಸರಿಹೋಗುತ್ತದೆ.

ನಮ್ಮ ಕಾರಿನಲ್ಲಿ ಸದ್ದು ಬರುತ್ತಿತ್ತು. ಮಿಸ್ತ್ರಿ ಗಾಜಿನ ಬುಡದ ಜಾಳಿಗೆಯೊಳಗೆ ಬೆರಳು ಹಾಕಿದರು. ಹಿಡಿ ಹಿಡಿ ಬೇವಿನ ಎಲೆ ಹೊರಗೆ ಬಂತು. ಕೊಳೆತು ಗೊಬ್ಬರ ಆಗಿತ್ತು. ನೀರು ಹರಿದು ಹೋಗುವ ತೂತು ಮುಚ್ಚಿಕೊಂಡು ಒಳಗೆ ನೀರು ನಿಂತಿತ್ತು. ವೈಪರ್ ಕೈ ಕೂರುವ ಕಬ್ಬಿಣದ ಕಡ್ಡಿಗೆ, ಅದಕ್ಕೆ ಸ್ಪಿಂಡಲ್ ಅನ್ನುತ್ತಾರೆ, ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಮೋಟರ್ ಒಂದೇ ದಿಕ್ಕಿಗೆ ಗುಂಡಗೆ ತಿರುಗುತ್ತದೆ. ಆ ತಿರುಗಾಟವನ್ನು ಅತ್ತಿತ್ತ ಆಡುವಂತೆ ಮಾಡುವುದು ಈ ಕಡ್ಡಿಗಳ ಜೋಡಣೆ. ಕಡ್ಡಿಗಳು ಸೇರುವಲ್ಲಿ ಬೆರಳಿನ ತುದಿಯಷ್ಟು ಪ್ಲಾಸ್ಟಿಕ್ ಬುಶ್ ಇರುತ್ತದೆ. ಸ್ಪಿಂಡಲ್ ಬಿಗಿಯಾದ್ದರಿಂದ ಎಲ್ಲ ಭಾರ ಆ ಬುಶ್ ಮೇಲೆ ಬಿದ್ದು, ಅದು ಸವೆದು, ಕಡ್ಡಿ ಕಳಚಿಕೊಂಡಿತ್ತು.

"ಮೋಟರ್ ಛಲೋ ಐತ್ರಿ. ಕೀಲು ಸವದೈತಿ, ಅಷ್ಟ" ಅಂದರು ಮಿಸ್ತ್ರಿ.

ಆ ಬುಶ್ ಬಿಡಿಯಾಗಿ ಸಿಗಲಿಲ್ಲ. ಆಗ ನನಗೆ ನಮ್ಮ ಊರಿನ ಬೆಲೆ ಗೊತ್ತಾಯಿತು. ಬೆಳಗಾವಿ ಅಂದರೆ ಫೌಂಡ್ರಿ, ಲೇತ್ ಮಷಿನ್‌ಗಳ ಊರು. ಉದ್ಯಮಬಾಗದಲ್ಲಿ ಒಬ್ಬ ಟರ್ನರ್ ಸವೆದ ಬುಶ್ ಕೈಯಲ್ಲಿ ಹಿಡಿದು, ಅಳತೆ ತೆಗೆದು, ನೈಲಾನ್ ಕಡ್ಡಿಯಿಂದ ಎರಡು ಕಡೆದು ಕೊಟ್ಟರು. ಚಹಾ ಕುಡಿಯುವಷ್ಟು ಹೊತ್ತು. ಒಂದು ಹಾಕಿದೆವು, ಇನ್ನೊಂದು ಈಗಲೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಸ್ಪಿಂಡಲಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಅತ್ತಿತ್ತ ಆಡಿಸಿ ಸಡಿಲ ಮಾಡಿ, ಒರೆಸಿ, ಗ್ರೀಸ್ ಹಚ್ಚಿದರು. ಬರೀ ಸ್ಪ್ರೇ ಹೊಡೆದು ಬಿಡಬೇಡಿ, ಅದು ಆರಿಹೋಗುತ್ತದೆ. ಉಳಿಯುವುದು ಗ್ರೀಸ್.

ಒಟ್ಟು ಖರ್ಚು ಐದುನೂರು ದಾಟಲಿಲ್ಲ. ರಿಪೇರಿ ಮಾಡುವ ಕೈಗಳು ಇನ್ನೂ ನಮ್ಮ ಊರಲ್ಲಿ ಇವೆ. ನಾವು ಅವರ ಹತ್ತಿರ ಹೋಗುವುದನ್ನು ಬಿಟ್ಟರೆ ಅವರೂ ಅಂಗಡಿ ಮುಚ್ಚುತ್ತಾರೆ. ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ.

ನಮ್ಮ ಅಕ್ಕ ವಿಜಯಪುರದಲ್ಲಿ ಇದ್ದಾಳೆ. "ನಮ್ಮಲ್ಲಿ ಮಳೀನ ಇಲ್ಲ, ವೈಪರ್ ತಗೊಂಡು ಏನ್ ಮಾಡೋದು?" ಅಂತ ಕೇಳಿದಳು. ಅಲ್ಲಿ ವೈಪರಿಗೆ ಇನ್ನೂ ಕಷ್ಟ. ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಗಾಜಿಗೆ ಅಂಟಿಕೊಂಡ ರಬ್ಬರ್ ಗಟ್ಟಿಯಾಗಿ, ಅಂಚು ಸೀಳಿಕೊಳ್ಳುತ್ತದೆ. ಮೇಲೆ ಎರೆಮಣ್ಣಿನ ಧೂಳು. ಬೇಸಿಗೆಯ ಕೊನೆಗೆ ಗುಡುಗಿ ಮೊದಲ ಮಳೆ ಬಿದ್ದಾಗ ಗಾಜಿನ ತುಂಬ ಕೆಸರು. ಆರು ತಿಂಗಳು ಮುಟ್ಟದ ವೈಪರ್ ಹಾಕಿದರೆ ಅದು ಒರೆಸುವುದಿಲ್ಲ, ಬಳಿಯುತ್ತದೆ. ಬಾಗಲಕೋಟೆ ಕಡೆಯವರಿಗೂ ಇದೇ ಮಾತು. ಒಣ ಧೂಳಿನ ಮೇಲೆ ವೈಪರ್ ಓಡಿಸಲೇಬೇಡಿ, ಗಾಜಿಗೆ ಗೀರು ಬೀಳುತ್ತದೆ, ಅದು ರಾತ್ರಿ ಎದುರಿನ ಲೈಟಿಗೆ ಕಣ್ಣು ಕುಕ್ಕುತ್ತದೆ. ಮೊದಲು ನೀರು, ಆಮೇಲೆ ವೈಪರ್. ಗಾಜಿಗೆ ನೀರು ಚಿಮ್ಮಿಸಲು ಬಾನೆಟ್ ಒಳಗಿರುವ ಡಬ್ಬಿಗೆ ಬೋರ್‌ವೆಲ್ಲಿನ ಸವಳು ನೀರು ಹಾಕಬೇಡಿ, ಉಪ್ಪು ಕಟ್ಟಿ ನೀರು ಚಿಮ್ಮುವ ತೂತು ಮುಚ್ಚುತ್ತದೆ. ಫಿಲ್ಟರ್ ನೀರು ಸಾಕು. ಮುಚ್ಚಿದ್ದರೆ ಸಣ್ಣ ಸೂಜಿಯಿಂದ ಬಿಡಿಸಿ. ರಬ್ಬರ್ ವರ್ಷಕ್ಕೊಮ್ಮೆ ಬದಲಿಸಿ, ಓಡಿಸಿರಲಿ ಬಿಡಲಿ. ರಬ್ಬರ್ ಬಿಚ್ಚಿದಾಗ ಗಾಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಬರೀ ಕಬ್ಬಿಣದ ಕೈ ಸ್ಪ್ರಿಂಗ್ ಜೋರಿಗೆ ಬಡಿದರೆ ಗಾಜು ಒಡೆಯುತ್ತದೆ.

ಈಗ ನಿಂತ ಕಾರಿನ ವಿಷಯ. ವೈಪರ್ ಕೆಟ್ಟ ಮೇಲೆ ನಾನು ಉಳಿದದ್ದನ್ನೂ ನೋಡತೊಡಗಿದೆ. ಎಲ್ಲ ಕಡೆ ಅದೇ ಕಥೆ. ಸವೆದು ಕೆಟ್ಟಿದ್ದು ಕಡಿಮೆ, ನಿಂತು ಕೆಟ್ಟಿದ್ದು ಜಾಸ್ತಿ.

ಬಹಳ ಜನ ಮಾಡುವ ಒಂದು ಕೆಲಸ ಇದೆ, ನಾವೂ ಮಾಡುತ್ತಿದ್ದೆವು. ವಾರಕ್ಕೊಮ್ಮೆ ಮನೆ ಮುಂದೆಯೇ ಕಾರು ಚಾಲೂ ಮಾಡಿ, ಐದು ನಿಮಿಷ ಬಿಟ್ಟು ಬಂದ್ ಮಾಡೋದು. ದಯವಿಟ್ಟು ಇದನ್ನು ಬಿಡಿ. ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ಹೋದ ಕರೆಂಟು ಐದು ನಿಮಿಷದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಎಂಜಿನ್, ಸೈಲೆನ್ಸರ್ ಚೆನ್ನಾಗಿ ಕಾದರೆ ಅದು ಹೊರಗೆ ಹೋಗುತ್ತದೆ. ಕಾಯದಿದ್ದರೆ ಸೈಲೆನ್ಸರಿನಲ್ಲಿ ನೀರಾಗಿ ನಿಂತು ಒಳಗಿಂದ ತುಕ್ಕು ಹಿಡಿಸುತ್ತದೆ, ಎಂಜಿನ್ ಆಯಿಲಿಗೂ ಸೇರುತ್ತದೆ. ಅಂದರೆ ಕಾರಿಗೆ ಒಳ್ಳೆಯದು ಮಾಡುತ್ತೇವೆ ಅಂದುಕೊಂಡು ವಾರವಾರ ಕೆಡಿಸುತ್ತಾ ಇರುತ್ತೇವೆ. ವಾರಕ್ಕೊಮ್ಮೆ ಅರ್ಧ ಗಂಟೆ, ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸಿ. ಹದಿನೈದು ದಿನಕ್ಕೊಮ್ಮೆಯಾದರೂ ಸರಿ. ಆಗಲೇ ಎಸಿ ಹಾಕಿ, ಎಲ್ಲ ಗೇರು ಬಳಸಿ, ಬ್ರೇಕ್ ಒತ್ತಿ ನೋಡಿ.

ತಿಂಗಳುಗಟ್ಟಲೆ ಊರಲ್ಲಿ ಇರುವುದೇ ಇಲ್ಲ ಅಂದರೆ ಬ್ಯಾಟರಿಯ ಮೈನಸ್ ಕಡೆಯ ವೈರ್ ಬಿಚ್ಚಿಟ್ಟು ಹೋಗಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2ರ ಹತ್ತಿರ ಬಂದರೆ ಅರ್ಧ ಖಾಲಿ ಅಂತ ತಿಳಿದು ಚಾರ್ಜಿಗೆ ಹಾಕಬೇಕು. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಡಬೇಡಿ, ಬ್ರೇಕ್ ಶೂ, ಅಂದರೆ ಗಾಲಿಯನ್ನು ಹಿಡಿದು ನಿಲ್ಲಿಸುವ ಪಟ್ಟಿ, ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಪಾಟು ಜಾಗದಲ್ಲಿ ಫಸ್ಟ್ ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡಿ. ಎಂಜಿನ್ ಆಯಿಲ್ ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದು ಎರಡು ವರ್ಷಕ್ಕೊಮ್ಮೆ.

ಟಯರ್ ಬಗ್ಗೆ ಒಂದು ಮಾತು ಹೇಳಲೇಬೇಕು. ರಸ್ತೆಗೆ ತಾಗುವ ಕಡೆಯ ಗೆರೆಗಳೆಲ್ಲ ಹಾಗೇ ಇವೆ, ಹೊಸದರಂತಿದೆ ಅಂತ ಮೋಸ ಹೋಗಬೇಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಅಂತ ಅರ್ಥ. ನಮ್ಮದನ್ನು ಓದಿದಾಗ ನಾಲ್ಕೂ ಟಯರಿಗೆ ಹನ್ನೊಂದು ವರ್ಷ. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು. ಅದರಲ್ಲೇ ಅವ್ವನನ್ನು ಕೂರಿಸಿಕೊಂಡು ಖಾನಾಪುರಕ್ಕೆ ಹೋಗಿದ್ದೆ. ಅವತ್ತೇ ಬದಲಿಸಿದೆ.

ಪೆಟ್ರೋಲ್ ಕೂಡ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್, ಅಂದರೆ ಕಬ್ಬಿನಿಂದಲೂ ತೆಗೆಯುವ ಸ್ಪಿರಿಟ್, ಬೆರೆಸಿದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಬ್ಬಿನ ಜಿಲ್ಲೆಗಳು, ಎಥನಾಲ್ ನಮಗೆ ಪರಕೀಯ ಅಲ್ಲ. ರೈತರಿಗೆ ಅದರಿಂದ ಅನುಕೂಲ ಆಗಲಿ ಅಂತಲೇ ನನ್ನ ಆಸೆ. ಆದರೆ ಎಥನಾಲ್ ತೇವ ಹೀರುತ್ತದೆ. ನಮ್ಮಂಥ ಹಳೇ ಕಾರಿನ ರಬ್ಬರ್ ಪೈಪುಗಳನ್ನು ಅದಕ್ಕಂತ ಮಾಡಿರಲಿಲ್ಲ. ಹಾಗಾಗಿ ಪೆಟ್ರೋಲನ್ನು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂಡಿಡಬೇಡಿ. ಹಾಕಿಸಿ, ಓಡಿಸಿ, ಖಾಲಿ ಮಾಡಿ, ಮತ್ತೆ ಹಾಕಿಸಿ. ಸರ್ವೀಸ್ ಮಾಡುವಾಗ ಪೈಪುಗಳನ್ನು ಒತ್ತಿ ನೋಡಲು ಮಿಸ್ತ್ರಿಗೆ ಹೇಳಿ. ಪೆಟ್ರೋಲ್ ವಾಸನೆ ಬಂದರೆ ಅವತ್ತು ಕಾರು ತೆಗೆಯಬೇಡಿ.

"ಇಷ್ಟೆಲ್ಲ ಮಾಡೋ ಬದಲು ಮಾರಿಬಿಡಿ" ಅಂತ ಹೇಳುವವರು ಇದ್ದಾರೆ. ಓಡಿಸುವ ಮನಸ್ಸು ಇಲ್ಲದಿದ್ದರೆ ಅದು ಸರಿಯಾದ ಮಾತೇ. ಹದಿನೈದು ವರ್ಷ ಆದ ಮೇಲೆ ಆರ್‌ಟಿಓದಲ್ಲಿ ತೋರಿಸಿ ಐದೈದು ವರ್ಷಕ್ಕೆ ನೋಂದಣಿ ಮುಂದುವರಿಸಬೇಕು. ಅದಕ್ಕೆ ಖರ್ಚಿದೆ, ಇನ್ಶೂರೆನ್ಸ್ ಇದೆ. ಪ್ರೀತಿ ಇದೆ ಅಂತ ಗಿಡದ ಕೆಳಗೆ ಕೊಳೆಸುವುದಕ್ಕಿಂತ, ದಿನಾ ಓಡಿಸುವವರಿಗೆ ಕೊಡುವುದು ಒಳ್ಳೆಯದು. ಇಟ್ಟುಕೊಳ್ಳುತ್ತೇವೆ ಅಂದರೆ ಓಡಿಸಬೇಕು. ಸುಮ್ನೆ ಕವರ್ ಹಾಕಿ ಇಡೋದು ನನಗಂತೂ ಒಪ್ಪಿಗೆ ಇಲ್ಲ.

ನಾವು ಇಟ್ಟುಕೊಂಡೆವು. ಗಿಡದ ಕೆಳಗಿಂದ ಪತ್ರಾಸಿನ ಕೆಳಗೆ ತಂದೆವು. ಈಗ ಪ್ರತಿ ಭಾನುವಾರ ಬೆಳಗ್ಗೆ ನಾನು, ಅಪ್ಪ ಯಳ್ಳೂರಿನ ರಾಜಹಂಸಗಡದವರೆಗೆ ಹೋಗಿ ಬರುತ್ತೇವೆ. ಹೊರಡುವ ಮುಂಚೆ ಅಪ್ಪ ಜಾಳಿಗೆಯಲ್ಲಿ ಎಲೆ ಇದೆಯೇನು ಅಂತ ಬೆರಳಾಡಿಸಿ ನೋಡುತ್ತಾರೆ, ಕಣ್ಣು ಮಂಜಾದರೂ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಪಕ್ಕದ ಸೀಟಿನಲ್ಲಿ ಕೂತು, ಬಿಸಿಲಿರಲಿ ಮಳೆಯಿರಲಿ, "ಒಮ್ಮೆ ನೀರು ಹೊಡದು ವೈಪರ್ ಹಾಕು ತಮ್ಮಾ" ಅನ್ನುತ್ತಾರೆ. ಅದು ಎರಡು ಸಲ ಅತ್ತಿತ್ತ ಹೋಗಿ, ಕೆಳಗೆ ಬಂದು ಮಲಗಿದ ಮೇಲೆಯೇ ನಾನು ಗೇರ್ ಹಾಕುವುದು.